ತಲೆಕೆಳಗಾಗಿ ಬಿದ್ದ ದೇಹ

ಎದುರಿನ ದೀಪ ಕೆಂಪಾದದ್ದನ್ನು ಕಣ್ಣಾರೆ ನೋಡಿಯೂ ಕಾರು ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದುಬಿಟ್ಟರು. ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಅವಳ ಕಾಲು ಅವಳನ್ನು ಕೇಳದೆಯೇ ತನ್ನ ಬದಿಯ ಬ್ರೇಕಿನ ಮೇಲೆ ಬಿತ್ತು. ಕಾರು ಗಕ್ಕನೆ ನಿಂತಿತು, ಬೆಲ್ಟು ಬಿಗಿಯಿತು, ಅಂಗಿಯೊಳಗಿನ ಮೆತ್ತೆ ಇದ್ದ ಜಾಗ ಬಿಟ್ಟು ಜಾರಿ ಹೆಗಲ ಮೂಳೆಯ ಹತ್ತಿರ ಹೋಗಿ ಕೂತಿತು. ಡ್ರೈವಿಂಗ್ ಶಾಲೆಯಲ್ಲಿ ಇಷ್ಟು ವರ್ಷ ಕಲಿಸಿದವಳಿಗೆ ಗಾಬರಿಯೇನೂ ಆಗಲಿಲ್ಲ. ಆದರೆ ಡಾಕ್ಟರು ಕ್ಷಮೆ ಕೇಳಲು ಇತ್ತ ತಿರುಗಿದವರು ಅಲ್ಲೇ ಕಣ್ಣು ನೆಟ್ಟು, ತಕ್ಷಣ ಹಿಂಬದಿಯ ಕನ್ನಡಿ ನೋಡತೊಡಗಿದರು. ‘ಸಾರಿ ಮೇಡಂ’ ಎಂದರು. ಬ್ರೇಕ್ ಹಾಕದ್ದಕ್ಕಲ್ಲ, ಕಂಡದ್ದಕ್ಕೆ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಾಯಿಯೊಳಗೆ ಕೈ ಹಾಕಿ ದಿನವಿಡೀ ಕೊಳೆತದ್ದನ್ನು ಕೆರೆಯುವ ಮನುಷ್ಯನಿಗೆ ಒಂದು ಹತ್ತಿಯ ಉಂಡೆ ನೋಡಲು ಇಷ್ಟು ನಾಚಿಕೆಯೇ? ಅವಳು ಅವರೆದುರೇ ಹೆಗಲಿನ ಕೆಳಗೆ ಅಂಗೈಯಿಂದ ಒಂದು ಏಟು ಹಾಕಿ, ಹಠಮಾರಿ ಮಗುವನ್ನು ಎಳೆದು ಕೂರಿಸಿದಂತೆ ಅದನ್ನು ಜಾಗಕ್ಕೆ ತಂದಳು. ‘ಕನ್ನಡಿ ನೋಡಿದ್ದು ಸಾಕು, ರಸ್ತೆ ನೋಡಿ’ ಎಂದಳು. ಉಳಿದ ದಾರಿಯೆಲ್ಲ ಡಾಕ್ಟರು ಹೆಣದ ಹಿಂದೆ ಹೋಗುವವರ ಹಾಗೆ ಮೆಲ್ಲಗೆ ಓಡಿಸಿದರು. ಆ ಮೆಲ್ಲನೆಯ ವೇಗವೇ ಅವಳನ್ನು ನಖಶಿಖಾಂತ ಉರಿಸಿತು.

ಹೋದ ವರ್ಷ ಎಡಮೊಲೆ ತೆಗೆದ ಮೇಲೆ ಎಲ್ಲರೂ ಅವಳ ಸುತ್ತ ಹೀಗೇ ಓಡಿಸುತ್ತಿದ್ದರು. ಶಾಲೆಯ ಯಜಮಾನರು ಹೆದ್ದಾರಿಯ ಪಾಠಗಳನ್ನು ಅವಳಿಂದ ಕಿತ್ತು ನಿನ್ನೆ ಮೊನ್ನೆ ಸೇರಿದವನಿಗೆ ಕೊಟ್ಟು, ‘ನಿಮ್ಮ ಆರೋಗ್ಯಕ್ಕೇ ಹೇಳ್ತಿದ್ದೀನಿ’ ಎಂದಿದ್ದರು. ಅವರ ಮುಖದಲ್ಲಿದ್ದ ಕರುಣೆಯನ್ನು ಅಲ್ಲೇ ಮೇಜಿನ ಮೇಲಿದ್ದ ಪೇಪರ್‌ವೇಟಿನಿಂದ ಒಡೆಯಬೇಕೆನಿಸಿತ್ತು. ಎದುರು ಮನೆಯವಳು, ಔಷಧದಂಗಡಿಯವನು, ಬಸ್ಸಿನಲ್ಲಿ ಪಕ್ಕ ಕೂತು ತಲೆಯ ಬಟ್ಟೆ ನೋಡಿ ಮಾತಿಗೆಳೆದ ಅಪರಿಚಿತಳು, ಎಲ್ಲರದೂ ಒಂದೇ ಮಂತ್ರ. ಧೈರ್ಯವಾಗಿರಿ, ನಗುನಗುತ್ತಾ ಇರಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಒಬ್ಬರಾದರೂ ಕೇಳಿದ್ದರೆ ಹೇಳುತ್ತಿದ್ದಳು. ಕೇಳದೆಯೇ ಅದನ್ನು ಹೊರಗೆ ಹಾಕಿ ಎನ್ನುತ್ತಿದ್ದರು, ಬೀದಿಗೆ ನೀರು ಚೆಲ್ಲು ಎಂದಷ್ಟು ಸಲೀಸಾಗಿ. ಚಿಕ್ಕವಳಿದ್ದಾಗ ಅಮ್ಮ ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದಳು. ತಟ್ಟೆ ಎತ್ತಿ ಎಸೆದರೆ ಮೆಣಸಿನಕಾಯಿ, ಬಾಗಿಲು ಹಾಕಿಕೊಂಡರೆ ಮೆಣಸಿನಕಾಯಿ. ಪಕ್ಕದಲ್ಲಿ ಅಕ್ಕ ಒದ್ದೆ ಕೂದಲಿಗೆ ಎರಡು ಜಡೆ ಹಾಕಿಕೊಂಡು, ಎಸೆದ ತಟ್ಟೆಯ ಅನ್ನವನ್ನು ಒಂದೊಂದೇ ಅಗುಳಾಗಿ ಆರಿಸುತ್ತಿದ್ದಳು. ಅಮ್ಮ ಅಕ್ಕನಿಗೆ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಪಾಠ ಮುಗಿಸಿ ಕಾರು ನಿಲ್ಲಿಸುವಾಗ ಆ ಅಕ್ಕನದೇ ಫೋನು ಬಂತು. ‘ಮಧ್ಯಾಹ್ನ ಬಾರೇ. ಇಬ್ಬರು ಬರಲ್ಲ ಅಂದ್ಬಿಟ್ರು. ಕುರ್ಚಿ ಖಾಲಿ ಕಂಡ್ರೆ ಚೆನ್ನಾಗಿರಲ್ಲ.’

‘ಖಾಲಿ ಜಾಗ ತುಂಬಿಸೋಕೆ ನಾನು ಬೇಕಾ?’

‘ಎಲ್ಲದಕ್ಕೂ ಕೊಂಕು ಹುಡುಕ್ತೀಯಲ್ಲ. ಟೀ ಕುಡಿದು ಹೋದ್ರಾಯ್ತು, ಬಾ.’

ಅಕ್ಕ ಎರಡು ವರ್ಷದಿಂದ ಟ್ಯಾರೋ ಎಂಬ ಚಿತ್ರದ ಕಾರ್ಡು ನೋಡಿ ಭವಿಷ್ಯ ಹೇಳುತ್ತಾಳೆ. ಯಾರದೋ ತರಗತಿಗೆ ಹೋಗಿ ಕಲಿತು ಬಂದು, ಮೂರನೆಯ ಮಹಡಿಯ ತನ್ನ ಮನೆಯ ಹಾಲಿನಲ್ಲಿ ಭಾನುವಾರ ಹೆಂಗಸರನ್ನು ಸೇರಿಸುತ್ತಾಳೆ. ಭಾವ ಆ ಹೊತ್ತಿಗೆ ಯಾವನಾದರೂ ಗೆಳೆಯನ ಮನೆ ಹುಡುಕಿಕೊಂಡು ಹೊರಟುಬಿಡುತ್ತಾರೆ. ಅವಳು ಹೋಗಬಾರದೆಂದುಕೊಂಡೇ ಮುಖ ತೊಳೆದಳು, ಹೋಗಬಾರದೆಂದುಕೊಂಡೇ ಮೆತ್ತೆಯನ್ನು ಒಳಗಿನ ಜೇಬಿಗೆ ಸೇರಿಸಿ ಎರಡು ಹೊಲಿಗೆ ಹಾಕಿದಳು, ಬೆರಳಿಗೆ ಸೂಜಿ ಚುಚ್ಚಿಕೊಂಡು ಬೈದಳು. ಆಸ್ಪತ್ರೆಯಲ್ಲಿದ್ದಾಗ ಅಕ್ಕ ಬಂದದ್ದು ಎರಡೇ ಸಲ. ಮೊದಲ ಸಲ ಕಾಯಿಲೆ ಹೀರುತ್ತದೆಂದು ದಿಂಬಿನ ಕೆಳಗೆ ಒಂದು ನೇರಳೆ ಕಲ್ಲು ಇಟ್ಟು ಹೋದಳು. ಎರಡನೆಯ ಸಲ ನರ್ಸು ಪಟ್ಟಿ ಬದಲಿಸಲು ಪರದೆ ಎಳೆದಾಗ, ‘ನನಗೆ ಇದೆಲ್ಲ ನೋಡೋಕಾಗಲ್ಲ ಕಣೇ’ ಎಂದು ಗೋಡೆಯ ಕಡೆ ಮುಖ ಮಾಡಿ ನಿಂತಳು. ನರ್ಸು ಬಟ್ಟೆ ಎತ್ತಿದಾಗ ಅವಳು ತನ್ನ ಗಾಯ ನೋಡಿಕೊಳ್ಳಲಿಲ್ಲ, ಅಕ್ಕನ ಬೆನ್ನು ನೋಡುತ್ತಿದ್ದಳು. ಇಸ್ತ್ರಿ ಮಾಡಿದ, ಒಂದು ಸುಕ್ಕೂ ಇಲ್ಲದ ಬೆನ್ನು. ಆಮೇಲೆ ಕೂದಲು ಉದುರುವ ತಿಂಗಳುಗಳಲ್ಲಿ ಫೋನು ಮಾತ್ರ. ಫೋನಿನಲ್ಲಿಯೂ ಅಕ್ಕ ಉಸಿರಾಟದ ಬಗ್ಗೆ, ಬೆಳಕಿನ ಬಗ್ಗೆ, ಕ್ಷಮೆಯ ಬಗ್ಗೆ ಹೇಳುತ್ತಿದ್ದಳು. ಒಮ್ಮೆ ಅವಳು ಮಧ್ಯದಲ್ಲೇ ತಡೆದು, ‘ಡಾಕ್ಟರು ನೀನೂ ತೋರಿಸ್ಕೋಬೇಕು ಅಂದ್ರು, ಒಡಹುಟ್ಟಿದವರಿಗೂ ಬರುತ್ತಂತೆ’ ಎಂದು ಕಲ್ಲು ಬೀಸಿದಂತೆ ಹೇಳಿದ್ದಳು. ಅಕ್ಕ ಮಾತು ತಿರುಗಿಸಿದಳು. ಮತ್ತೊಮ್ಮೆ ಹೇಳಬಹುದಿತ್ತು. ಬೇಕಾದರೆ ತೋರಿಸಿಕೊಳ್ಳಲಿ, ಬೇಡವಾದರೆ ಬಿಡಲಿ ಎಂದು ಅವಳಿಗೆ ಆಗ ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಲ್ಲಿ ಒಂದು ಬಗೆಯ ರುಚಿಯೂ ಇತ್ತು.

ಹಾಲಿನಲ್ಲಿ ಪರದೆ ಎಳೆದು, ಹಗಲಲ್ಲೇ ಸುವಾಸನೆಯ ಮೇಣದಬತ್ತಿ ಹಚ್ಚಿ, ಟಿ.ವಿ.ಯ ಮೇಲೆ ಶಾಲು ಹೊದಿಸಿದ್ದರು. ಐದಾರು ಹೆಂಗಸರು ಅರ್ಧವೃತ್ತವಾಗಿ ಕೂತಿದ್ದರು. ಅವರಲ್ಲಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ಒಬ್ಬಾಕೆಯ ಗುರುತು ಮಾತ್ರ ಅವಳಿಗಿತ್ತು. ಅವಳು ಒಳಗೆ ಬಂದ ಕೂಡಲೇ ಮಾತು ನಿಂತಿತು. ಆಮೇಲೆ ಎಲ್ಲರೂ ಒಂದೇ ಬಗೆಯಲ್ಲಿ ತಲೆ ವಾಲಿಸಿ ನಕ್ಕರು. ಆ ನಗೆ ಅವಳಿಗೆ ಚಿರಪರಿಚಿತ. ಇವರಿಗೆಲ್ಲ ಗೊತ್ತು, ಅಕ್ಕ ಹೇಳಿದ್ದಾಳೆ, ಒಂದು ಸಲವಲ್ಲ, ಉದಾಹರಣೆಗೆಂದು ಹಲವು ಸಲ. ಮ್ಯಾನೇಜರ್ ಎದ್ದು ತನ್ನ ಮೆತ್ತನೆಯ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಸ್ಟೂಲಿನ ಮೇಲೆ ಕೂತಳು. ಬೇಡ ಎನ್ನುವಷ್ಟರಲ್ಲಿ ಕೂತಾಗಿತ್ತು. ಆ ಕುರ್ಚಿ ಇನ್ನೂ ಬೆಚ್ಚಗಿತ್ತು. ಬೇರೆಯವರ ಮೈಯ ಶಾಖ ತೊಡೆಗೆ ತಾಗಿದ್ದೇ ಅವಳಿಗೆ ಅವಮಾನವೆನಿಸಿತು.

‘ಇವತ್ತು ನನ್ನ ತಂಗಿಗೇ ಮೊದಲು ತೆಗೀತೀನಿ’ ಎಂದಳು ಅಕ್ಕ. ಹೊರಗಿನವರೆದುರು ಅಕ್ಕನ ದನಿಯೇ ಬೇರೆ, ಮೆತ್ತಗೆ, ಅಂಚಿಲ್ಲದ ದನಿ. ‘ಎಡಗೈಯಿಂದ ಕಟ್ಟು ಎತ್ತಿಡು.’

ಆಪರೇಶನ್ ಆದಂದಿನಿಂದ ಎಡಗೈ ಮಧ್ಯಾಹ್ನವಾಗುತ್ತಿದ್ದಂತೆ ಊದುತ್ತದೆ. ಅದನ್ನೇ ಎತ್ತಬೇಕಿತ್ತು, ಎತ್ತಿದಳು. ಊದಿದ ಬೆರಳುಗಳನ್ನು ಎಲ್ಲರೂ ನೋಡಿದರು. ಅಕ್ಕ ಕಾರ್ಡು ತೆಗೆದು ಬಟ್ಟೆಯ ಮೇಲಿಟ್ಟಾಗ ಅದು ತಲೆಕೆಳಗಾಗಿತ್ತು. ಯಾರೋ ‘ಅಯ್ಯೋ’ ಎಂದರು. ಚಿತ್ರದ ಕೆಳಗೆ ಅಕ್ಕ ಕನ್ನಡದಲ್ಲಿ ಪುಟ್ಟ ಚೀಟಿ ಅಂಟಿಸಿದ್ದಳು: ದೇಹ. ಅಕ್ಕ ಮೊದಲು ಅದನ್ನು ನೆಟ್ಟಗೆ ಮಾಡಿ ತೋರಿಸಿದಳು. ತೆಳುನೀಲಿ ನೀರಿನಲ್ಲಿ ಒಬ್ಬ ಹೆಂಗಸು ಬೆತ್ತಲೆ ನಿಂತಿದ್ದಾಳೆ. ಕಣ್ಣು ಮುಚ್ಚಿದೆ. ಪಾದದಿಂದ ಬೇರುಗಳು ನೀರಿಗಿಳಿದಿವೆ. ಎದೆಯ ನಡುವೆ ದೀಪ, ಹೊಟ್ಟೆಯಲ್ಲಿ ಒಂದು ಪುಟ್ಟ ಮನೆ.

‘ನೀರು ಮೊಣಕಾಲಿನವರೆಗೆ ಮಾತ್ರ ಇದೆ ನೋಡಿ’ ಎಂದಳು ಅಕ್ಕ. ‘ಮುಳುಗಿಸೋ ನೀರಲ್ಲ ಇದು, ನಿಲ್ಲಿಸಿಕೊಳ್ಳೋ ನೀರು. ನಮ್ಮ ದುಃಖ ಎಲ್ಲ ಇಷ್ಟೇ ಆಳ, ನಾವು ಬಗ್ಗಿದಾಗ ಮಾತ್ರ ಅದು ಮೂಗಿಗೆ ಬರುತ್ತೆ. ಕಣ್ಣು ಮುಚ್ಚಿರೋದು ನಿದ್ದೆಗಲ್ಲ, ಕೇಳಿಸಿಕೊಳ್ಳೋಕೆ. ಎದೆಯಲ್ಲಿರೋ ದೀಪ ನಾವು ಹಚ್ಚಿದ್ದಲ್ಲ, ಹುಟ್ಟುವಾಗಲೇ ಹಚ್ಚಿ ಕಳಿಸಿದ್ದು. ಹೊಟ್ಟೇಲಿರೋ ಮನೆಗೆ ಬಾಗಿಲಿಲ್ಲ, ಗಮನಿಸಿದ್ರಾ? ಕಿಟಕಿ ಒಂದೇ. ಹೊರಗಿನಿಂದ ಯಾರೂ ಬರೋಕಾಗಲ್ಲ. ಒಳಗಿರೋ ಆತ್ಮ ಹೊರಗೆ ನೋಡಬಹುದು ಅಷ್ಟೆ.’

ಅಕ್ಕ ಚೆನ್ನಾಗಿ ಮಾತಾಡುತ್ತಿದ್ದಳು. ಅದೇ ತೊಂದರೆ. ಬಾಗಿಲಿಲ್ಲದ ಮನೆ ಎಂಬ ಮಾತು ಅವಳಿಗೆ ನಾಟಿತು. ಕೀಮೋ ಹಾಕಿಸಿಕೊಂಡು ಬಂದು ಬಚ್ಚಲಿನ ನೆಲದ ಮೇಲೆ ಕೆನ್ನೆ ಒತ್ತಿ ಮಲಗಿದ್ದ ಒಂದು ಮಧ್ಯಾಹ್ನ, ಗೋಡೆಯ ಮೇಲಿನ ವೆಂಟಿಲೇಟರಿನ ಗಾಜಿನಲ್ಲಿ ಕಂಡ ಅಂಗೈಯಗಲ ಆಕಾಶ ನೆನಪಾಯಿತು. ಹೌದು, ಹಾಗೇ ಇತ್ತು, ಇದು ಇವಳಿಗೆ ಹೇಗೆ ಗೊತ್ತು ಎಂದು ಬೆರಗಿನಿಂದ ತಲೆ ಎತ್ತಿದಳು. ಅಷ್ಟರಲ್ಲಿ ಅಕ್ಕ ಕಾರ್ಡನ್ನು ಮತ್ತೆ ತಲೆಕೆಳಗು ಮಾಡಿದಳು.

‘ಆದ್ರೆ ಹೀಗೆ ಬಿದ್ದಾಗ ದೀಪದ ಜ್ವಾಲೆ ಮನೆ ಕಡೆ ತಿರುಗುತ್ತೆ. ಮನೇನೇ ಸುಡುತ್ತೆ. ದೇಹ ಮೊದಲು ಪಿಸುಗುಟ್ಟುತ್ತೆ, ನಾವು ಕೇಳಲ್ಲ. ಆಮೇಲೆ ಕೂಗುತ್ತೆ. ಇವಳ ವಿಷಯ ನಿಮಗೆ ಗೊತ್ತಲ್ಲ. ಚಿಕ್ಕಂದಿನಿಂದ ಸಿಟ್ಟನ್ನ ಎದೇಲಿಟ್ಟುಕೊಂಡೇ ಬೆಳೆದವಳು. ಎದೆಗೆ ಎಷ್ಟು ಅಂತ ಹಿಡಿಯುತ್ತೆ ಹೇಳಿ? ಕೊನೆಗೆ ಅದೇ ಗಂಟಾಯ್ತು.’

‘ಎಡಗಡೆ ಅಂದ್ರೆ ತಾಯ್ತನದ ಕಡೆ ಅಂತಾರಲ್ವಾ?’ ಎಂದಳು ಮ್ಯಾನೇಜರ್, ಕಲಿಯುವವಳ ವಿನಯದಿಂದ. ‘ಮಕ್ಕಳಿಲ್ಲದೇ ಇದ್ದಾಗ ಆ ಪ್ರೀತಿ ಅಲ್ಲೇ ಕಟ್ಟಿಕೊಂಡು...’

ಅಕ್ಕ ಬೇಡವೆನ್ನಲಿಲ್ಲ. ಕಣ್ಣು ಮುಚ್ಚಿ ತಲೆದೂಗಿದಳು. ಆ ತಲೆದೂಗಿದ್ದೇ ಬೆಂಕಿಗೆ ಎಣ್ಣೆ ಸುರಿದಂತಾಯಿತು. ಅವಳ ಕೈ ಅಂಗಿಯ ಎರಡನೆಯ ಗುಂಡಿಗೆ ಹೋಯಿತು. ಆ ಎರಡು ಹೊಲಿಗೆ ಹರಿದು, ಮೆತ್ತೆಯನ್ನು ಎಳೆದು, ಈ ಚಿತ್ರದ ದರಿದ್ರದವಳ ಬೋಗುಣಿಯಂಥ ಎರಡು ದುಂಡು ಮೊಲೆಗಳ ಮೇಲೆ ಎಸೆದು, ಇದಕ್ಕೆ ಅರ್ಥ ಹೇಳು ಎನ್ನಬೇಕು. ಹೆಂಗಸರು ಕಿರುಚಬೇಕು, ಮೇಣದಬತ್ತಿ ಉರುಳಬೇಕು. ಗುಂಡಿ ಬೆರಳಿನಲ್ಲಿತ್ತು. ಆದರೆ ಇವರು ಕಿರುಚುವುದಿಲ್ಲ, ಮತ್ತೆ ತಲೆ ವಾಲಿಸುತ್ತಾರೆ, ಮುಂದಿನ ಭಾನುವಾರ ಇದನ್ನೂ ಉದಾಹರಣೆಗೆ ಸೇರಿಸಿಕೊಳ್ಳುತ್ತಾರೆ ಎಂದು ಹೊಳೆದು ಕೈ ಅಲ್ಲೇ ನಿಂತಿತು. ಆಪರೇಶನ್ನಿನ ಹಿಂದಿನ ದಿನ ಡಾಕ್ಟರೊಬ್ಬರು ಅವಳ ಎದೆಯ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದಿದ್ದರು. ಆ ಪೆನ್ನಿಗೂ ಅರ್ಥವಿತ್ತು: ಇಲ್ಲಿಂದ ಇಲ್ಲಿಗೆ ಕತ್ತರಿಸಿ. ಅದರಲ್ಲಿ ನೀನು ಹೀಗಿದ್ದೆ, ಅದಕ್ಕೇ ಹೀಗಾಯಿತು ಎಂಬುದು ಇರಲಿಲ್ಲ. ಆ ಗೆರೆಯ ಮೇಲೆ ಅವಳಿಗೆ ಈಗ ಇದ್ದಕ್ಕಿದ್ದಂತೆ ಗೌರವ ಹುಟ್ಟಿತು.

‘ನಾನೂ ಒಂದು ಸಲ ಹೇಳ್ತೀನಿ, ಕೊಡು ಇಲ್ಲಿ’ ಎಂದು ಅವಳು ಕಾರ್ಡನ್ನು ಕೈಗೆತ್ತಿಕೊಂಡಳು. ‘ಇವಳು ನದೀಲಿ ನಿಂತಿಲ್ಲ. ಪರೀಕ್ಷೆ ಮಾಡೋ ಕೋಣೇಲಿ ನಿಂತಿದಾಳೆ. ಬಟ್ಟೆ ಬಿಚ್ಚಿ ಅಂದ್ರು, ಬಿಚ್ಚಿದಾಳೆ. ನೆಲ ತಣ್ಣಗಿದೆ, ಅದಕ್ಕೆ ನೀಲಿ. ಉಸಿರು ಹಿಡೀರಿ, ಅಲ್ಲಾಡಬೇಡಿ ಅಂದಿದಾರೆ, ಅದಕ್ಕೇ ಪಾದ ಬೇರು ಬಿಟ್ಟಿರೋದು. ಕಣ್ಣು ಮುಚ್ಚಿ ಆತ್ಮದ ಮಾತೂ ಕೇಳ್ತಿಲ್ಲ, ಗೀತ್ಮದ ಮಾತೂ ಕೇಳ್ತಿಲ್ಲ. ಇದು ಮುಗಿದ್ರೆ ಸಾಕಪ್ಪಾ ಅಂತ ಕಾಯ್ತಿದಾಳೆ. ಹೊರಗೆ ಬೆಂಚಿನ ಮೇಲೆ ಅವಳ ಜೊತೆ ಬಂದವರು ಯಾರೂ ಇಲ್ಲ.’

ಕೊನೆಯ ಮಾತನ್ನು ಅಕ್ಕನಿಗೆ ಚುಚ್ಚಲೆಂದೇ ಹೇಳಿದ್ದು. ಚುಚ್ಚಿತೋ ಇಲ್ಲವೋ ನೋಡಲು ತಲೆ ಎತ್ತಿದಳು. ಅಕ್ಕನ ಮುಖ ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು ಬಿಳಿಚಿತ್ತು. ‘ಟೀ ತರ್ತೀನಿ’ ಎಂದು ಎದ್ದವಳು ಮೇಜಿನ ಅಂಚಿಗೆ ತೊಡೆ ಬಡಿದುಕೊಂಡು ಅಡುಗೆಮನೆಗೆ ಹೋದಳು. ಆಗ ತಂಗಿಯ ಕಣ್ಣು ತನ್ನ ಕೈಯಲ್ಲಿದ್ದ ಕಾರ್ಡಿನ ಮೇಲೆ ಬಿತ್ತು. ಬಟ್ಟೆಯ ಮೇಲಿದ್ದ ಉಳಿದ ಕಟ್ಟು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಇದೊಂದರ ಮೂಲೆಗಳು ಮಾತ್ರ ಸವೆದು ಮೆತ್ತಗಾಗಿದ್ದವು, ಅಂಚು ಕಪ್ಪಾಗಿತ್ತು. ಹೆಬ್ಬೆರಳು ಬೀಳುವ ಜಾಗದಲ್ಲಿ ಬಣ್ಣವೇ ಹಾರಿತ್ತು. ಯಾರೋ ಇದನ್ನು ದಿನದಿನವೂ ಹುಡುಕಿ ಹುಡುಕಿ ತೆಗೆದಿದ್ದಾರೆ. ನನ್ನ ಬಗ್ಗೆ ಹೇಳಲು ಇಷ್ಟು ಸಲ ಅಭ್ಯಾಸ ಮಾಡಿದಳೇ ಎಂದೇ ಅವಳಿಗೆ ಮೊದಲು ಅನ್ನಿಸಿದ್ದು. ಆ ಸಿಟ್ಟಿನಲ್ಲೇ ಅವಳೂ ಒಳಗೆ ನುಗ್ಗಿದಳು.

ಅಕ್ಕ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಪಾತ್ರೆಯಲ್ಲಿ ನೀರಿತ್ತು, ಒಲೆ ಹಚ್ಚಿರಲಿಲ್ಲ. ಮತ್ತೆ ಅದೇ ಬೆನ್ನು.

‘ಈ ಕಡೆ ತಿರುಗು’ ಎಂದಳು. ‘ಎಷ್ಟು ಜನಕ್ಕೆ ಹೇಳಿದ್ದೀಯ? ನನ್ನ ಮೈ ನಿನ್ನ ಪಾಠಪುಸ್ತಕಾನಾ? ನನಗೆ ಸಿಟ್ಟಿದ್ದದ್ದಕ್ಕೆ ಬಂತಾ ಇದು? ಹಾಗಿದ್ರೆ ಊರಲ್ಲಿ ಸಿಟ್ಟಿರೋರೆಲ್ಲ ಸಾಯಬೇಕಿತ್ತು, ನಿನ್ನಂಥ ಹಸುಗಳು ಮಾತ್ರ ಉಳೀಬೇಕಿತ್ತು.’

‘ಮೆಲ್ಲಗೆ ಮಾತಾಡು, ಅವರಿಗೆ ಕೇಳಿಸುತ್ತೆ.’

‘ಕೇಳ್ಲಿ!’ ಎಂದು ಅಕ್ಕನ ತೋಳನ್ನು ಕಂಕುಳ ಹತ್ತಿರ ಹಿಡಿದು ಜಗ್ಗಿದಳು. ಅಕ್ಕ ಹಾ ಎಂದು ಉಸಿರೆಳೆದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಇನ್ನೊಂದು ಅಂಗೈಯನ್ನು ಎದೆಗೆ ಅಡ್ಡ ಹಿಡಿದು ಬಗ್ಗಿದಳು. ತಂಗಿಯ ಬಾಯಲ್ಲಿದ್ದ ಮುಂದಿನ ಬೈಗುಳ ಅಲ್ಲೇ ಉಳಿಯಿತು. ಆ ಬಗ್ಗುವಿಕೆ, ಆ ಅಡ್ಡಗೈ ಅವಳದೇ. ಜನದಟ್ಟಣೆಯ ಬಸ್ಸಿನಲ್ಲಿ, ಅಂಗಡಿಯ ಬಾಗಿಲಲ್ಲಿ, ಯಾರಾದರೂ ಮೈಗೆ ತಾಗುವಂತೆ ಬಂದರೆ ಅವಳ ಕೈ ಹಾಗೇ ಹೋಗುತ್ತಿತ್ತು. ಬೇರೆ ಯಾರೂ ಅದನ್ನು ಹಾಗೆ ಮಾಡಲಾರರು. ಕಲಿತವರು ಮಾತ್ರ ಮಾಡುತ್ತಾರೆ.

‘ಎಲ್ಲಿ?’ ಎಂದಳು.

‘ಏನು ಎಲ್ಲಿ?’

‘ಅಕ್ಕಾ. ಎಲ್ಲಿ?’

ಅಕ್ಕ ಬಾಗಿಲ ಕಡೆ ನೋಡಿದಳು. ಹಾಲಿನಲ್ಲಿ ಯಾರೋ ಸಣ್ಣಗೆ ನಗುತ್ತಿದ್ದರು. ಆಮೇಲೆ ತಂಗಿಯ ಊದಿದ ಕೈಯನ್ನೇ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವವಳಂತೆ ಬೆರಳುಗಳನ್ನು ಜೋಡಿಸಿ, ತನ್ನ ಬಲಮೊಲೆಯ ಪಕ್ಕದಲ್ಲಿ ಒತ್ತಿದಳು. ಬಟ್ಟೆ, ಬಟ್ಟೆಯ ಕೆಳಗೆ ಮೆತ್ತಗಿನ ಮಾಂಸ, ಅದರ ಕೆಳಗೆ ಅದು. ಜಾರಲಿಲ್ಲ, ಉರುಳಲಿಲ್ಲ, ಗೋಡೆಗೆ ಹೊಡೆದ ಮೊಳೆಯ ತಲೆಯ ಹಾಗೆ ಅಲ್ಲೇ ಕೂತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಈ ಎದೆಗೆ ಒರಗಿ ಮಲಗುತ್ತಿದ್ದಳು. ಆಗ ಅಕ್ಕ ಇನ್ನೂ ಹುಡುಗಿ, ಅಲ್ಲಿ ಬರೀ ಮೂಳೆಯೇ ಇತ್ತು, ಕಿವಿಗೆ ಒತ್ತುತ್ತಿತ್ತು.

‘ಯಾವಾಗಿನಿಂದ?’

‘ನಿನಗೆ ಕೂದಲು ಉದುರ್ತಿತ್ತಲ್ಲ, ಆಗ.’

‘ಭಾವನಿಗೆ ಗೊತ್ತಾ?’

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ‘ನಿನ್ನ ನೋಡೋಕೆ ಬಂದ್ರೆ ನನ್ನದೇ ಮುಂದಿನದು ಕಂಡ ಹಾಗಾಗ್ತಿತ್ತು. ಅದಕ್ಕೇ ಬರ್ಲಿಲ್ಲ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಆ ಕಾರ್ಡ್ ತಿರುಗಿಸಿ ಇಟ್ಟು ನೋಡ್ತೀನಿ. ನೆಟ್ಟಗೆ ಬಂದ್ರೆ ಇವತ್ತು ಡಾಕ್ಟರ್ ಬೇಡ ಅಂತ.’

‘ತಲೆಕೆಳಗಾಗಿ ಬಂದ್ರೆ?’

‘ಮತ್ತೆ ಕಣ್ಣು ಮುಚ್ಚಿ ತಿರುಗಿಸ್ತೀನಿ.’

ಅವಳಿಗೆ ನಗು ಬಂತು, ಅಸಹ್ಯವಾದ, ಮೂಗಿನಿಂದ ಹೊರಬಿದ್ದ ನಗು. ಅದರ ಬೆನ್ನಿಗೇ ಬಂದ ಸಿಟ್ಟು ಇದುವರೆಗೆ ಬಂದ ಯಾವ ಸಿಟ್ಟಿನ ಹಾಗೂ ಇರಲಿಲ್ಲ. ಅದಕ್ಕೆ ಬಿಸಿಯೇ ಇರಲಿಲ್ಲ. ಇವಳು ನನಗೆ ಕ್ಷಮೆಯ ಪಾಠ ಹೇಳಿದ ಪ್ರತಿ ಫೋನಿನಲ್ಲೂ ಇನ್ನೊಂದು ಕೈ ಇಲ್ಲಿತ್ತು. ನಾನು ವಾಂತಿ ಮಾಡಿಕೊಳ್ಳುತ್ತಿದ್ದಾಗ ಇದು ಬೆಳೆಯುತ್ತಿತ್ತು. ನಾನು ಒಮ್ಮೆ ಹೇಳಿ, ಮತ್ತೊಮ್ಮೆ ಹೇಳದೆ, ನಾಲಗೆಯ ಮೇಲೆ ರುಚಿ ಇಟ್ಟುಕೊಂಡು ಕೂತಿದ್ದಾಗ ಬೆಳೆಯುತ್ತಿತ್ತು. ‘ಆ ಚಿತ್ರದ ಮನೆಗೆ ಕಿಟಕಿಯಾದರೂ ಇದೆ’ ಎಂದಳು. ‘ನಿನ್ನ ಬುದ್ಧಿಗೆ ಅದೂ ಇಲ್ಲ.’

‘ಬೈ. ನೀನು ಬೈದ್ರೆ ಸಮಾಧಾನ.’

‘ನಿನ್ನ ಸಮಾಧಾನಕ್ಕೆ ಬೈತಿಲ್ಲ ನಾನು!’

ಅವಳು ಹಾಲಿಗೆ ಬಂದು ಪರದೆ ಸರ್ರನೆ ಎಳೆದಳು. ಬಿಸಿಲು ನುಗ್ಗಿದಾಗ ಹೆಂಗಸರು ಕಣ್ಣು ಕಿರಿದು ಮಾಡಿದರು. ‘ಇವತ್ತಿಗೆ ಇಷ್ಟೇ. ಅಕ್ಕನಿಗೆ ಹುಷಾರಿಲ್ಲ.’

‘ಪಾಪ, ಎಲ್ಲರ ಭಾರ ತಾವೊಬ್ರೇ ತಗೋತಾರಲ್ಲ, ಶಕ್ತಿ ಹರಿದುಹೋಗುತ್ತೆ’ ಎಂದಳು ಮ್ಯಾನೇಜರ್.

‘ನಿಮ್ಮ ಚಪ್ಪಲಿ ಬಾಗಿಲ ಹತ್ರ ಇದೆ’ ಎಂದಳು ಅವಳು.

ಮರುದಿನ ಬೆಳಿಗ್ಗೆ ಡ್ರೈವಿಂಗ್ ಶಾಲೆಯ ಕಾರಿನಲ್ಲೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಯಜಮಾನರನ್ನು ಕೇಳಲಿಲ್ಲ. ಅವಳಿಗೆ ಚಿಕಿತ್ಸೆ ಮಾಡಿದ ಅದೇ ಹೆಂಗಸು ಡಾಕ್ಟರು, ಅದೇ ಕೋಣೆ. ಪರದೆಯ ಆಚೆ ಅಕ್ಕನನ್ನು ಮಲಗಿಸಿ, ಕೈ ಮೇಲೆತ್ತಿಸಿ, ಬೆರಳಿನಿಂದ ಹುಡುಕುತ್ತಾ ಡಾಕ್ಟರು, ‘ಯಾವಾಗ ಗೊತ್ತಾಯ್ತು ನಿಮಗೆ?’ ಎಂದರು.

‘ಹೋದ ವಾರ’ ಎಂದಳು ಅಕ್ಕ.

‘ಸುಳ್ಳು. ಹೋದ ವರ್ಷದಿಂದ ಇದೆ’ ಎಂದಳು ಅವಳು, ಪರದೆಯ ಈಚೆಯಿಂದ. ಬಟ್ಟೆ ಬಿಚ್ಚಿ ಮಲಗಿದವಳನ್ನು ಹೊರಗಿನವರೆದುರು ಸುಳ್ಳುಗಾತಿ ಮಾಡಿಬಿಟ್ಟೆ, ನಿನ್ನೆ ಇವಳು ನನಗೆ ಮಾಡಿದ್ದನ್ನು ಇವತ್ತು ನಾನು ಮಾಡಿದೆ ಎಂದು ಅವಳಿಗೆ ಹೊಳೆಯಿತು. ಆದರೂ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

‘ತಂಗಿಗೆ ಆದಾಗ, ನೀವೂ ತೋರಿಸ್ಕೋಬೇಕು ಅಂತ ನಿಮಗೆ ತಿಳಿಸೋಕೆ ಹೇಳಿದ್ದೆನಲ್ಲ?’ ಡಾಕ್ಟರ ದನಿ ಈಗ ಪರದೆ ದಾಟಿ ಅವಳ ಕಡೆಗೇ ಬಂದಂತಿತ್ತು. ಹೇಳಿದ್ದೆ, ಒಂದು ಸಲ, ಎನ್ನಬೇಕು. ಹೇಗೆ ಹೇಳಿದ್ದೆ ಎಂದು ಕೇಳಿದರೆ?

‘ಹೇಳಿದ್ಲು ಡಾಕ್ಟ್ರೇ’ ಎಂದಳು ಅಕ್ಕ ಒಳಗಿನಿಂದ. ‘ಬೇಕಾದಷ್ಟು ಸಲ ಹೇಳಿದ್ಲು. ನಾನೇ ಬರಲಿಲ್ಲ.’

ಮತ್ತೆ ಅದೇ. ಚೆಲ್ಲಿದ ಅನ್ನದ ಅಗುಳುಗಳನ್ನು ಅಕ್ಕನೇ ಆರಿಸಿಬಿಟ್ಟಳು. ತನಗೆ ಕೃತಜ್ಞತೆ ಹುಟ್ಟಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಹುಟ್ಟಿದ್ದು ಹಲ್ಲು ಕಚ್ಚಿಕೊಳ್ಳುವಂಥ ಉರಿ. ತಪ್ಪು ನನ್ನದಾಗಿರಲೂ ಬಿಡದಷ್ಟು ಒಳ್ಳೆಯವಳಾಗಲು ಇವಳಿಗೆ ಯಾರು ಹೇಳಿದರು? ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ನರ್ಸು ಬಂದು ಮೆಲ್ಲಗೆ ಬೆರಳು ಬಿಡಿಸಿದಳು.

ಸೂಜಿ ಚುಚ್ಚಿ ತೆಗೆದದ್ದರ ಫಲಿತಾಂಶ ಬರಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ, ಅಕ್ಕನಿಂದ ವಿಷಯ ತಿಳಿದ ಭಾವ ದಿನಕ್ಕೆ ಹತ್ತು ಸಲ ಅವಳಿಗೆ ಫೋನು ಮಾಡಿ ಏನು ಕೇಳಬೇಕೆಂದು ತಿಳಿಯದೆ ಊಟವಾಯಿತೇ ಎಂದು ಕೇಳುತ್ತಿದ್ದರು. ಫಲಿತಾಂಶದ ದಿನವೂ ಅವರು ಬರುತ್ತೇನೆಂದರು. ಅಕ್ಕ ಬೇಡವೆಂದಳು, ತಂಗಿ ಸಾಕು ಎಂದಳು. ಡಾಕ್ಟರು ಸುತ್ತಿ ಬಳಸದೆ ಹೇಳಿದರು. ಅದೇ ಕಾಯಿಲೆ. ಆಪರೇಶನ್ ಆಗಬೇಕು, ಆಮೇಲೆ ಕೀಮೋ. ಗುಣವಾಗುವ ಭರವಸೆ ಇದೆ, ಚೆನ್ನಾಗಿಯೇ ಇದೆ, ಆದರೆ ಇನ್ನೂ ಸ್ವಲ್ಪ ಮೊದಲು ಬಂದಿದ್ದರೆ. ಅಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು. ಅಕ್ಕ ವಿನಯದಿಂದ ತಲೆಯಾಡಿಸಿ, ‘ಥ್ಯಾಂಕ್ಸ್ ಡಾಕ್ಟ್ರೇ’ ಎಂದಳು. ಯಾರೋ ದಾರಿ ತೋರಿಸಿದವರಿಗೆ ಹೇಳಿದ ಹಾಗೆ.

ಆಸ್ಪತ್ರೆಯ ಗೇಟು ದಾಟಿ ಕಾರು ನಿಲ್ಲಿಸಿದ ಕಡೆಗೆ ಹೋಗುವಾಗ ಅವಳು, ‘ಭಾವನಿಗೆ ನಾನೇ ಹೇಳಲಾ?’ ಎಂದಳು. ಅಷ್ಟೇ ಹೇಳಿದ್ದು. ಅಕ್ಕ ನಡುರಸ್ತೆಯಲ್ಲಿ ನಿಂತುಬಿಟ್ಟಳು.

‘ಎಲ್ಲಾ ನೀನೇ ಹೇಳು’ ಎಂದಳು. ‘ಹೇಳ್ಕೊಂಡು ಬಾ. ಡಾಕ್ಟರಿಗೆ ಹೇಳಿದ್ದಾಯ್ತಲ್ಲ, ಸುಳ್ಳು ಅಂತ. ಬಟ್ಟೆ ಇಲ್ಲದೆ ಮಲಗಿದ್ದೆ ನಾನು, ಗೊತ್ತಾ ನಿನಗೆ?’

‘ಅಕ್ಕ, ಈ ಕಡೆ ಬಾ, ಗಾಡಿ ಬರ್ತಿದೆ.’

‘ಬರ್ಲಿ! ಬಂದು ಹತ್ಲಿ! ನಿನಗೊಬ್ಬಳಿಗೇನಾ ಕೂಗೋಕೆ ಬರೋದು?’ ಅಕ್ಕನ ದನಿ ಒಡೆದು ತೆಳ್ಳಗೆ ಮೇಲೇರಿತು. ಬಳಸದೇ ಇದ್ದ ಗಂಟಲು ಅದು, ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅದಕ್ಕೇ ತಿಳಿದಿರಲಿಲ್ಲ. ‘ಆ ಮನೇಲಿ ಸಿಟ್ಟು ಮಾಡ್ಕೊಳ್ಳೋಕೆ ಒಬ್ಬರಿಗೇ ಜಾಗ ಇದ್ದಿದ್ದು. ಹುಟ್ಟಿದ ದಿನಾನೇ ನೀನು ಅದನ್ನ ಹಿಡ್ಕೊಂಡು ಕೂತೆ. ನಾನು ಎಲ್ಲಿ ಹೋಗ್ಬೇಕಿತ್ತು? ಹೇಳೇ! ನಾನೂ ತಟ್ಟೆ ಎಸೆದಿದ್ರೆ ಯಾರು ಬಳೀತಿದ್ರು ಅದನ್ನ? ಆಸ್ಪತ್ರೆಗೆ ಬಂದ್ರೆ ನನ್ನ ಮುಖ ನೋಡದೆ ಮಲಗಿರ್ತಿದ್ದೆ, ಏನೋ ನಾನೇ ಕತ್ತರಿಸಿ ತಗೊಂಡ ಹಾಗೆ! ಹತ್ತು ಸಲ ಫೋನಲ್ಲಿ ಹೇಳೋಕೆ ಹೊರಟೆ ನಾನು, ನನಗೂ ಇದೆ ಅಂತ. ಹತ್ತು ಸಲಾನೂ ನಿನ್ನ ದನಿ ಕೇಳಿ ನುಂಗಿಕೊಂಡೆ!’

ಒಂದು ಕಾರು ಹಾರ್ನ್ ಹೊಡೆಯಿತು, ಹಿಂದೆ ಇನ್ನೊಂದು. ಹಣ್ಣಿನ ಗಾಡಿಯವನು ತೂಕದ ಕಲ್ಲು ಕೈಯಲ್ಲೇ ಹಿಡಿದು ನೋಡುತ್ತಿದ್ದ. ಅಕ್ಕ ಹಾರ್ನ್ ಹೊಡೆದವನ ಕಡೆ ತಿರುಗಿ, ‘ಕಣ್ಣು ಕಾಣಲ್ವಾ, ಮಾತಾಡ್ತಿದ್ದೀವಿ!’ ಎಂದು ಬಾನೆಟ್ಟಿಗೆ ಕೈಚೀಲದಿಂದ ಬಡಿದಳು. ಅವಳು ಅಕ್ಕನನ್ನು ಬಾಯಿ ತೆರೆದು ನೋಡಿದಳು. ಕೂಗಿದ್ದರಿಂದ ಗಂಟು ಕರಗುವುದಿಲ್ಲ, ಕೂಗದೆ ಇದ್ದದ್ದರಿಂದ ಅದು ಬಂದದ್ದೂ ಅಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಕೆಟ್ಟ, ಒಡಕಲು ದನಿಯನ್ನು ಕೇಳುತ್ತಾ ಅವಳ ಮೈಯಲ್ಲಿ ಏನೋ ನಿಗುರಿ ನಿಂತಿತು. ಇಷ್ಟು ವರ್ಷ ತಾನೊಬ್ಬಳೇ ಹಿಡಿದುಕೊಂಡು ಕೂತ ಸಿಟ್ಟಿನಲ್ಲಿ ಅರ್ಧಪಾಲು ಇವಳದೂ ಇತ್ತೆಂದು ಆಗಷ್ಟೇ ತಿಳಿಯಿತು. ಅವಳೂ ಬಿಟ್ಟುಕೊಡಲಿಲ್ಲ. ‘ನಾನು ಗೋಡೆ ಕಡೆ ತಿರುಗಿ ನಿಲ್ಲಲ್ಲ ಕಣೇ, ನಿನ್ನ ಪಟ್ಟಿ ಬದಲಿಸುವಾಗ’ ಎಂದು ಅಷ್ಟೇ ಜೋರಾಗಿ ಕೂಗಿದಳು. ‘ನೋಡ್ತಾ ನಿಂತಿರ್ತೀನಿ. ದಿನಾ ನೋಡ್ತೀನಿ. ನೀನು ಬೇಡ ಅಂದ್ರೂ ನೋಡ್ತೀನಿ!’

‘ನೋಡು!’ ಎಂದಳು ಅಕ್ಕ. ‘ಯಾರು ಬೇಡ ಅಂದ್ರು!’

ಅವಳು ಅಕ್ಕನ ಎಡತೋಳನ್ನು, ನೋವಿಲ್ಲದ ಕಡೆಯ ತೋಳನ್ನು ಹಿಡಿದು ಪಾದಚಾರಿ ಹಾದಿಗೆ ಎಳೆದುಕೊಂಡಳು. ಕಾರುಗಳು ಸಿಟ್ಟಿನಿಂದ ಮುಂದೆ ಹೋದವು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಅಕ್ಕನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ.

‘ತುಂಬಾ ನೋವಾಗುತ್ತಾ?’ ಎಂದು ಅಕ್ಕ ಕೇಳಿದಳು. ದನಿಯಲ್ಲಿ ಜಗಳ ಇನ್ನೂ ಇಳಿದಿರಲಿಲ್ಲ.

ಹೋದ ವರ್ಷದಿಂದ ಈವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

‘ಆಗುತ್ತೆ’ ಎಂದಳು ಅವಳು. ‘ತುಂಬಾ ಆಗುತ್ತೆ.’

ಅಕ್ಕ ಅವಳನ್ನು ಕೊಲ್ಲುವವಳ ಹಾಗೆ ನೋಡಿದಳು.

‘ಒಂದು ಸುಳ್ಳಾದ್ರೂ ಹೇಳೋಕಾಗಲ್ವೇನೇ, ಪಾಪಿ!’ ಎಂದು ಹೇಳಿ, ಅವಳ ಹೆಗಲಿಗೆ ಚೀಲದಿಂದ ಇನ್ನೊಂದು ಏಟು ಕೊಟ್ಟು, ಕ್ಷಣ ಬಿಟ್ಟು ಆ ಚೀಲವನ್ನು ಅವಳ ಕೈಗೇ ತುರುಕಿ, ಕಾರು ಎಲ್ಲಿದೆ ಎಂದು ನೋಡದೆ ತಪ್ಪು ದಿಕ್ಕಿಗೆ ಬಿರಬಿರನೆ ನಡೆಯತೊಡಗಿದಳು.